ಪಾರವ್ವನ ನಗುವಿನ ವಿಳಾಸ

ಹುಬ್ಬಳ್ಳಿಯ ಬಸ್ಸುಗಳು ಚಾಲಕರಿಲ್ಲದೆ ಓಡಾಡಲು ಕಲಿತು ವರ್ಷಗಳೇ ಆಗಿದ್ದವು. ದುರ್ಗದಬೈಲಿನ ಪೇಟೆಯಲ್ಲಿ ಕಸ ಗುಡಿಸಲು ಯಂತ್ರ ಬಂದಿತ್ತು, ಹೂವಿನ ಮಾಲೆ ಕಟ್ಟಲು ಯಂತ್ರ ಬಂದಿತ್ತು. ಮಿರ್ಚಿ ಭಜಿ ಕರಿಯುವುದಕ್ಕೂ ಒಂದು ಯಂತ್ರ ಬಂದಿತ್ತು, ಬರಲಿಲ್ಲವೆಂದಲ್ಲ. ಒಂದಿಬ್ಬರು ತಂದು ಅಂಗಡಿಯಲ್ಲಿಟ್ಟರು. ಜನ ತಿಂದು ನೋಡಿ, "ಖಾರ ಐತಿ, ರುಚಿ ಇಲ್ಲ" ಎಂದು ಎದ್ದು ನೆಟ್ಟಗೆ ಫಕ್ಕೀರಪ್ಪನ ಅಂಗಡಿಗೆ ನಡೆದರು.

ಅಲ್ಲಿ ಚುರಮುರಿ ಕಲಸಿದ ಗಿರಮಿಟ್ಟು ಸಿಗುತ್ತಿತ್ತು, ಬಿಸಿಬಿಸಿ ಮಿರ್ಚಿ ಸಿಗುತ್ತಿತ್ತು, ಅವುಗಳ ಜೊತೆಗೆ ಪುಕ್ಕಟೆಯಾಗಿ ಫಕ್ಕೀರಪ್ಪನ ಜೋಕು ಮತ್ತು ಅದಕ್ಕೆ ಅವನ ಹೆಂಡತಿ ಪಾರವ್ವನ ನಗು ಸಿಗುತ್ತಿದ್ದವು. ಜೋಕು ಹೇಗೇ ಇರಲಿ, ನಗು ಮಾತ್ರ ಫಸ್ಟ್ ಕ್ಲಾಸ್. ಮೊರದಿಂದ ಅಕ್ಕಿ ಸುರಿದಂತೆ ಸರಸರ ಸುರಿಯುವ, ಯಾವಾಗಲೂ ಅದೇ ಶ್ರುತಿ ಅದೇ ಅಳತೆಯ ನಗು. ಗಿರಾಕಿಗಳಿಗೆ ಜೋಕಿಗಿಂತ ಮೊದಲು ಆ ನಗು ತಾಗಿ ಅವರೂ ನಗುತ್ತಿದ್ದರು.

"ನನ್ನ ಜೋಕಿಗೆ ಒಮ್ಮೆಯೂ ನಗದ ಇದ್ದಾಕಿ ಅಲ್ಲ ನೋಡ್ರಿ ಈಕಿ," ಎಂದು ಫಕ್ಕೀರಪ್ಪ ಮೀಸೆ ತಿರುವುತ್ತಿದ್ದ. ಅವನ ಹೆಮ್ಮೆಗೆ ಕಾರಣವಿತ್ತು. ಮದುವೆಯ ದಿನ ಭೂಮದ ಊಟಕ್ಕೆ ಗಂಡ ಹೆಂಡತಿಯನ್ನು ಒಂದೇ ತಾಟಿಗೆ ಕೂರಿಸಿದಾಗ, ಇಷ್ಟುದ್ದ ಸೆರಗು ಹೊತ್ತ ಆ ಅಪರಿಚಿತ ಹುಡುಗಿ ಅವನ ಕಿವಿಯ ಹತ್ತಿರ ಬಾಗಿ, "ಏನರ ಹೇಳ್ರಿ," ಅಂದಿದ್ದಳು. ಅವನು ಗಾಬರಿಯಲ್ಲಿ ಬಾಯಿಗೆ ಬಂದದ್ದೊಂದು ಜೋಕು ಹೇಳಿದ. ಅವಳು ನಕ್ಕಳು ನೋಡಿ, ಇಡೀ ಹಂದರವೇ ತಿರುಗಿ ನೋಡುವ ಹಾಗೆ! ಫಕ್ಕೀರಪ್ಪ ಅವತ್ತೇ ಆ ನಗುವಿಗೆ ಬಿದ್ದುಹೋದ. ಅಂದಿನಿಂದ ಅವಳು ಆಗಾಗ "ರೀ, ಏನರ ಹೇಳ್ರಿ" ಎನ್ನುವುದು, ಇವನು ಹೇಳುವುದು, ಅವಳು ನಗುವುದು ಆ ಮನೆಯ ರೂಢಿಯಾಯಿತು. ಲಗ್ನದ ಮನೆಯಲ್ಲಿ, ಸಂತೆಯಲ್ಲಿ, ಒಮ್ಮೆ ಸತ್ತವರ ಮನೆಯಲ್ಲೂ ಅವಳು ಕೇಳಿದ್ದಳು. ಅಲ್ಲೂ ಇವನು ಹೇಳಿದ. ಬೈಸಿಕೊಂಡವನು ಇವನೇ.

ಇತ್ತೀಚೆಗೆ ಮಾತ್ರ ನಗುವಿನ ಹಿಂದೆ ಇನ್ನೊಂದು ಬಾಲ ಹತ್ತಿಕೊಂಡಿತ್ತು. ನಕ್ಕು ಮುಗಿದ ಮೇಲೆ ಪಾರವ್ವ ಸ್ವಲ್ಪ ಹೊತ್ತು ಗೊಂಬೆಯಂತೆ ನಿಂತುಬಿಡುತ್ತಿದ್ದಳು. ಕರೆದರೆ ಕೇಳದು, ಮುಟ್ಟಿದರೆ ತಿಳಿಯದು. ಒಂದು ಸಂಜೆ ಹಾಗೆ ನಿಂತಾಗ ಅವಳ ಕೈ ಕುದಿಯುವ ಎಣ್ಣೆಯ ಕಡಾಯಿಯ ಮೇಲೆ ತಾನೇತಾನಾಗಿ ಇಳಿಯತೊಡಗಿತು. ಫಕ್ಕೀರಪ್ಪ ಕರಿಯುವ ಝಾರಿ ಬಿಸಾಕಿ ಅವಳನ್ನು ಎಳೆದುಕೊಂಡ. ಅವತ್ತು ಅಂಗಡಿ ಮುಚ್ಚಿ ಮನೆ ಸೇರುವವರೆಗೂ ಅವಳ ಕೈ ಬಿಡಲಿಲ್ಲ. ಹತ್ತಿರದ ಡಾಕ್ಟರು ಗುಳಿಗೆ ಕೊಟ್ಟರು, ನಾಟಲಿಲ್ಲ. ಕೊನೆಗೆ ಧಾರವಾಡ ರಸ್ತೆಯ ದೊಡ್ಡ ನರರೋಗದ ಆಸ್ಪತ್ರೆಗೆ ಹೋಗಿ ಎಂದರು.

ಅಲ್ಲಿದ್ದವರು ಡಾಕ್ಟರ್ ಜೆಸಿಂತಾ. ಕುಂದಾಪುರದ ಕಡೆಯವರು, ಬೆಳ್ಳಿ ಕೂದಲು, ನಗುವೆಂದರೆ ಆಣೆಗೂ ಇಲ್ಲ. ಅವರು ಪಾರವ್ವನ ತಲೆಗೆ ಒಂದು ಮೆತ್ತನೆಯ ಟೋಪಿ ತೊಡಿಸಿದರು. ಅದಕ್ಕೊಂದು ಉದ್ದನೆಯ ಸರಕಾರಿ ಹೆಸರಿತ್ತು. ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಆ ಟೋಪಿಯನ್ನು ರೋಗಿಗಳೆಲ್ಲ ಕೂಸಿನ ಟೋಪಿಯ ಹಾಗೆ 'ಕುಂಚಿಗಿ' ಎಂದೇ ಕರೆಯುತ್ತಿದ್ದರು. ಪಕ್ಕದ ಕೋಣೆಯ ಮೇಜಿನ ಮೇಲೆ ಗಾಜಿನದೊಂದು ಮಿದುಳು. ಪಾರವ್ವನ ಮಿದುಳಿನಲ್ಲಿ ಎಲ್ಲಿ ವಿದ್ಯುತ್ತು ಹರಿಯುತ್ತದೋ ಈ ಗಾಜಿನಲ್ಲಿ ಅಲ್ಲಿ ಬೆಳಕು.

"ಮಿದುಳೆಂದರೆ ಒಂದು ಊರು ಅಂತ ತಿಳ್ಕೊಳ್ಳಿ," ಎಂದರು ಡಾಕ್ಟರ್. "ಅಲ್ಲಿ ಎಲ್ಲರೂ ಪಿಸುಪಿಸು ಮಾತಾಡ್ತಾ ಇರ್ತಾರೆ. ಫಿಟ್ಸ್ ಬರುವಾಗ ಒಂದು ಓಣಿಯವರು ಒಟ್ಟಿಗೆ ಬೊಬ್ಬೆ ಹಾಕ್ತಾರೆ. ಅದು ಪಕ್ಕದ ಓಣಿಗೆ, ಆಮೇಲೆ ಇಡೀ ಊರಿಗೆ ಹಬ್ತದೆ. ಮೊದಲು ಕೂಗಿದ ಓಣಿ ಯಾವ್ದು ಅಂತ ಗೊತ್ತಾದ್ರೆ ಸಾಕು. ಸುತ್ತಲಿಂದ ಸಣ್ಣ ಸಣ್ಣ ಶಬ್ದದ ಅಲೆ ಕಳಿಸ್ತೇವೆ. ಅವೆಲ್ಲ ಸೇರುವ ಒಂದೇ ಜಾಗ ಸುಮ್ಮನಾಗ್ತದೆ. ತಲೆ ಕೊಯ್ಯುವ ಕೆಲಸ ಇಲ್ಲ."

"ಮತ್ತ ಈ ಕುಂಚಿಗಿನ ಹೇಳತೈತಲ್ರಿ, ಯಾವ ಓಣಿ ಅಂತ?" ಎಂದ ಫಕ್ಕೀರಪ್ಪ.

"ಎಲ್ಲ ಹೇಳುದಿಲ್ಲ. ಮೇಲಿನ ಮಾತು ಅದಕ್ಕೆ ಚೆನ್ನಾಗಿ ಕೇಳ್ತದೆ, ಆಳದ್ದು ಕಷ್ಟ. ಮೇಲೆ ಗಲಾಟೆ ಇದ್ರೆ ಆಳದ್ದು ಕೇಳುದೇ ಇಲ್ಲ. ಹಾಗಾಗಿ ರೋಗಿಗೆ ಮೊದಲು ಏನಾಯ್ತು ಅಂತ ನಾವು ಕೇಳ್ಬೇಕು. ಬಲಗೈ ಹೆಬ್ಬೆರಳು ಅದುರಿದ್ರೆ ಮಿದುಳಿನ ಎಡಬದಿಯಲ್ಲಿ ಕೈ ಆಡಿಸುವ ಜಾಗ. ಇಲ್ಲದ ರಬ್ಬರ್ ಸುಟ್ಟ ವಾಸನೆ ಬಂದ್ರೆ ಕಿವಿಯ ಹತ್ರ, ಒಳಗಡೆಗೆ. ಬಣ್ಣದ ಉಂಡೆ ಕಂಡ್ರೆ ಹಿಂದಲೆ. ಲಕ್ಷಣವೇ ವಿಳಾಸ."

ಪಾರವ್ವನನ್ನು ಕ್ಯಾಮೆರಾ ಇದ್ದ ಕೋಣೆಯಲ್ಲಿ ಮಲಗಿಸಿದರು. ಫಕ್ಕೀರಪ್ಪ ಪಕ್ಕದ ಕುರ್ಚಿಯಲ್ಲಿ ಕೂತ. ಕೂತವನು ಸುಮ್ಮನೆ ಕೂರುವ ಪೈಕಿಯೇ? ನರ್ಸಿಗೆ ಜೋಕು, ಊಟ ತರುವವಳಿಗೆ ಜೋಕು. ಪಾರವ್ವ "ಏನರ ಹೇಳ್ರಿ" ಎಂದಾಗಲಂತೂ ಹೇಳಿಯೇ ಹೇಳಿದ. ನಗು ಬಂತು, ಗಾಜಿನ ಮಿದುಳು ಬೆಳಗಿತು. ದಿನಗಳು ಕಳೆದು ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡು ತೋರಿಸಿದರು. ಪ್ರತಿ ಸಲವೂ ಮೊದಲು ಜೋಕು, ಆಮೇಲೆ ಎಡಗಿವಿಯ ಮೇಲೆ, ಮಾತಿನ ಅರ್ಥ ಹಿಡಿಯುವ ಜಾಗದಲ್ಲಿ ಬೆಳಕು, ಅದರ ಹಿಂದೆ ನಗು, ಇಡೀ ಗಾಜು ಬೆಳ್ಳಗೆ.

"ಜೋಕು ಕೇಳಿದ್ರೆ ಫಿಟ್ಸ್ ಶುರುವಾಗ್ತದೆ ಇವರಿಗೆ. ಅಪರೂಪ, ಆದ್ರೆ ಉಂಟು."

ಫಕ್ಕೀರಪ್ಪನ ಕಣ್ಣು ಅರಳಿತು. "ಅಂದರ ನನ್ನ ಜೋಕಿನ್ಯಾಗ ಅಷ್ಟು ಕರೆಂಟ್ ಐತೇನ್ರಿ, ಮೇಡಮ್ಮಾರ?"

ಡಾಕ್ಟರ್ ಅವನ ಕಡೆ ನೋಡಲೂ ಇಲ್ಲ. "ಪಾರವ್ವ, ಒಂದು ಕೇಳ್ತೇನೆ, ಸರಿಯಾಗಿ ಹೇಳಿ. ನಗು ಬರುವಾಗ ಒಳಗೆ ಖುಷಿ ಆಗ್ತದಾ? ಅಥವಾ ಬರೀ ನಗು ಮಾತ್ರವಾ?"

ಪಾರವ್ವ ಗಂಡನ ಕಡೆ ಒಮ್ಮೆ ನೋಡಿದಳು. "ಖುಷಿ ಆಗತೈತ್ರಿ. ಮನಿಯವರು ಜೋಕು ಹೇಳಿದ್ರ ಖುಷಿ ಆಗದ ಇರತೈತೇನ್ರಿ?"

"ಹಾಗಾದ್ರೆ ಜಾಗ ಅದೇ." ಡಾಕ್ಟರ್ ಗಾಜಿನ ಮೇಲೆ ಬೆರಳಿಟ್ಟರು. "ಮುಚ್ಚುಮರೆ ಇಲ್ಲದೆ ಹೇಳ್ತೇನೆ. ಇದಕ್ಕೆ ಅಂಟಿಕೊಂಡೇ ಮಾತು ಉಂಟು. ಸುಮ್ಮನಾಗಿಸಿದ್ರೆ ಒಂದಿಷ್ಟು ಶಬ್ದ ಹೋಗಬಹುದು. ಜನರ ಹೆಸರು ನೆನಪಾಗದೆ ಇರಬಹುದು. ಜೋಕು ಹೇಳಿದ್ರೆ ತಿಳಿಯದೆಯೂ ಹೋಗಬಹುದು. ನಾಲ್ಕು ದಿನ ಮನೆಯಲ್ಲಿದ್ದು ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡಲು ಏನಿತ್ತು? ಒಂದು ಕಡೆ ಕುದಿಯುವ ಎಣ್ಣೆ, ಇನ್ನೊಂದು ಕಡೆ ಮಾತು. ಬಸ್ಸಿನಿಂದ ಇಳಿಯುವಾಗ ಪಾರವ್ವ, "ನಿಮ್ಮ ಹೆಸರು ಮರ್ತರ ಏನಂತ ಕರೀಲಿ?" ಎಂದಳು. "ಈಗೇನ್ ಹೆಸರು ಹಿಡದು ಕರೀತೀಯೇನ? 'ರೀ' ಅಂದ್ರ ಸಾಕು," ಅಂದ ಫಕ್ಕೀರಪ್ಪ.

ಮನೆಯಲ್ಲಿ ಮರುದಿನ ಅವಳಿಗಿಷ್ಟವೆಂದು ಅವನೇ ಮಿರ್ಚಿ ಕರಿದ. ಒಲೆಯ ಹತ್ತಿರ ಅವಳನ್ನು ಬಿಡಲಿಲ್ಲ, ದೂರ ಮಣೆ ಹಾಕಿ ಕೂರಿಸಿದ್ದ. ಉಪ್ಪು ನೋಡಬೇಕಲ್ಲ ಎಂದು ಕಡಾಯಿಯಿಂದ ತೆಗೆದ ಮೊದಲ ಮಿರ್ಚಿಯನ್ನು ಹಾಗೇ ಬಾಯಿಗೆ ತುರುಕಿದ. ತಿನ್ನುವವರ ಮುಂದೆ 'ಆರಿಸಿಕೊಂಡು ತಿನ್ರಿ' ಎಂದು ಜನ್ಮವೆಲ್ಲ ಕೂಗಿದವನಿಗೆ ತನ್ನ ಪಾಳಿ ಬಂದಾಗ ಬುದ್ಧಿ ಇರಲಿಲ್ಲ. ನಾಲಗೆ ಸುಟ್ಟು ಕಣ್ಣಲ್ಲಿ ನೀರು ತುಂಬಿಕೊಂಡಿತು. ಉಗುಳಲೂ ಆಗದು, ನುಂಗಲೂ ಆಗದು.

ಸರಿಯಾಗಿ ಅದೇ ಹೊತ್ತಿಗೆ ಪಾರವ್ವ, "ರೀ, ಏನರ ಹೇಳ್ರಿ," ಅಂದಳು.

"ಹೂಂ... ಹೂಂ..." ಎಂದ ಫಕ್ಕೀರಪ್ಪ, ಕೈ ಆಡಿಸುತ್ತ.

"ಲಗೂನ ಹೇಳ್ರಿ!"

ಅವನು ಹೇಳಲಿಲ್ಲ. ನಗು ಬಂದೇಬಿಟ್ಟಿತು. ಅದೇ ಸರಸರ, ಅದೇ ಶ್ರುತಿ, ಅದೇ ಅಳತೆ. ಫಕ್ಕೀರಪ್ಪ ಬಾಯಲ್ಲಿ ಬೆಂಕಿ ಇಟ್ಟುಕೊಂಡು ಅವಳ ಮುಖ ನೋಡಿದ. ಜೋಕು ಹೇಳುವಾಗ ಅವನು ಯಾವತ್ತೂ ಗಿರಾಕಿಗಳ ಮುಖ ನೋಡುವವನು. ಅವಳ ಕಣ್ಣನ್ನು ನೋಡಿದ್ದು ಅದೇ ಮೊದಲು. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಕಣ್ಣು ಹೆದರಿತ್ತು. ನಗು ನಿಂತು, ಅವಳು ಗೊಂಬೆಯಾಗಿ, ಮತ್ತೆ ನಿಧಾನವಾಗಿ ಈ ಲೋಕಕ್ಕೆ ಬಂದು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಎಷ್ಟ್ ಛಲೋ ಜೋಕು ಹೇಳಿದ್ರಿ!"

ಫಕ್ಕೀರಪ್ಪ ಮಿರ್ಚಿ ನುಂಗಿದ. ಗಂಟಲು ಸುಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ.

"ನಾ ಏನೂ ಹೇಳಿಲ್ಲಲೇ, ಪಾರವ್ವ."

ಅವಳು ತಲೆ ತಗ್ಗಿಸಿದಳು. ಆಮೇಲೆ ಒಂದೊಂದೇ ಹೊರಬಿತ್ತು. "ಹೊಟ್ಟ್ಯಾಗಿಂದ ಒಂದ್ ತಣ್ಣನ್ ಗಾಳಿ ಎದ್ದಂಗ ಆಗತೈತ್ರಿ. ನಗಿ ಬರ್ತೈತಿ ಅಂತ ತಿಳೀತೈತಿ, ತಡಿಯಾಕ ಬರೂದಿಲ್ಲ. ಸಣ್ಣಾಕಿದ್ದಾಗಿಂದ ಹಿಂಗ. ಸುಮ್ ಸುಮ್ನ ನಕ್ಕರ ಹುಚ್ಚಿ ಅಂತಿದ್ರು. ನೀವು ಏನರ ಹೇಳಿದ್ರ ಅದಕ್ಕ ನಕ್ಕಂಗ ಆಗತೈತಿ, ಯಾರೂ ಏನೂ ಅನ್ನೂದಿಲ್ಲ."

"ಭೂಮದ ಊಟದಾಗ?"

"ಅದೂ."

"ನಾ ಹೇಳಿದ್ದು ಏನಂತರ ಕೇಳಿದ್ಯೋ ಇಲ್ಲೋ?"

"ಆ ಹೊತ್ತಿನ್ಯಾಗ ನನಗ ಏನೂ ತಿಳಿಯೂದಿಲ್ರಿ," ಎಂದು ಪಾರವ್ವ ಅತ್ತಳು. "ಡಾಕ್ಟರ್ ಕೇಳಿದಾಗ ನಿಮ್ಮ ಮುಂದ ಹೆಂಗ ಹೇಳ್ಲಿ? ನಿಮಗ ಜೋಕಂದ್ರ ಜೀವ."

ಫಕ್ಕೀರಪ್ಪನಿಗೆ ದುಃಖವಾಯಿತು. ಸಣ್ಣ ದುಃಖವಲ್ಲ; ಎದೆಯೊಳಗೆ ಯಾರೋ ಕೈ ಹಾಕಿ ಇದ್ದ ಗಂಟನ್ನು ಎತ್ತಿಕೊಂಡು ಹೋದಂತಾಯಿತು. ಒಂದೇ ಒಂದು ನಗುವೂ ತನ್ನದಲ್ಲ! ಊರೆಲ್ಲ ನಗಿಸಿದ್ದೇನೆಂದು ಬೀಗಿದ್ದೆಲ್ಲ ಒಂದು ರೋಗದ ಪುಣ್ಯ! ಅವಳ ಕಣ್ಣೊರೆಸುತ್ತ ಕೂತವನಿಗೆ ಥಟ್ಟನೆ ಇನ್ನೊಂದು ಹೊಳೆಯಿತು. ಜೋಕಿಗಿಂತ ಮೊದಲೇ ನಗು ಹೊರಟಿರುತ್ತದೆ. ಹಾಗಾದರೆ ಗಾಜಿನ ಮೇಲೆ ಡಾಕ್ಟರ್ ಬೆರಳಿಟ್ಟ ಜಾಗ? ಅದು ತನ್ನ ಜೋಕು ಕೇಳಿಸಿ ಬೆಳಗಿದ ಜಾಗ, ರೋಗದ ಜಾಗವಲ್ಲ! ಅವರು ತಪ್ಪು ಓಣಿಯ ಬಾಯಿ ಮುಚ್ಚಿಸಲು ಹೊರಟಿದ್ದಾರೆ!

"ಏಳ, ಏಳ, ಚಪ್ಪಲಿ ಹಾಕ್ಕೋ," ಎಂದು ಒಲೆ ಆರಿಸಿ ಎದ್ದೇಬಿಟ್ಟ.

ಡಾಕ್ಟರ್ ಜೆಸಿಂತಾ ಎಲ್ಲ ಕೇಳಿ ಕುರ್ಚಿಯಿಂದ ಎದ್ದು ನಿಂತರು. "ಅಯ್ಯೋ ದೇವರೇ! ಕಳ್ಳನನ್ನು ಬಿಟ್ಟು ಬೊಬ್ಬೆ ಹಾಕಿದವನನ್ನು ಹಿಡಿದದ್ದಲ್ಲ ನಾವು! ನಿಮ್ಮ ಜೋಕಿನ ಗಲಾಟೆಯಲ್ಲಿ ಆಳದ್ದು ಕೇಳಿಯೇ ಇಲ್ಲ. ಹೊಟ್ಟೆಯಲ್ಲಿ ತಣ್ಣಗೆ, ಖುಷಿ ಇಲ್ಲದ ನಗು... ಪಾರವ್ವ, ಇದನ್ನು ಮೊದಲೇ ಹೇಳ್ಬಾರ್ದಾ ಮಾರಾಯ್ತಿ?"

"ಮನಿಯವರು ಬೇಜಾರ್ ಮಾಡ್ಕೋತಾರಂತ..."

"ಅವರು ಬೇಜಾರು ಮಾಡಿಕೊಳ್ಳಲಿ! ಈಗ ಇನ್ನೊಮ್ಮೆ ಟೋಪಿ ಹಾಕುವ. ಫಕ್ಕೀರಪ್ಪನವರೇ, ಈ ಸಲ ನೀವು ಬಾಯಿ ಬಿಟ್ರೆ ನಾನೇ ನಿಮ್ಮನ್ನು ಹೊರಗೆ ಹಾಕ್ತೇನೆ, ಆಯ್ತಾ?"

"ಹೊರಗ ಹಾಕಬ್ಯಾಡ್ರಿ. ಆಕಿ ನನ್ನ ಮುಖ ಕಾಣದಿದ್ರ ಹೆದರ್ತಾಳ. ನಾ ಬಾಯಾಗ ನೀರು ತುಂಬ್ಕೋತೀನಿ."

ಹಾಗೇ ಆಯಿತು. ಕೋಣೆಯಲ್ಲಿ ಫಕ್ಕೀರಪ್ಪ ನೀರಿನ ಲೋಟ ಹಿಡಿದು ಕೂತ. ಜೋಕಿಲ್ಲದೆ ಹೊತ್ತು ಹೋಗುವುದು ಎಷ್ಟು ಕಷ್ಟವೆಂದು ಅವನಿಗೆ ಅವತ್ತೇ ತಿಳಿದದ್ದು. ನರ್ಸು ಬಂದು, "ಯಾಕ್ರಿ ಅಣ್ಣಾರ, ಆರಾಮಿಲ್ಲೇನು?" ಎಂದು ಕೇಳಿಹೋದಳು. ಮಧ್ಯಾಹ್ನದ ಊಟ ಮುಗಿದ ಮೇಲೆ ಪಾರವ್ವನ ಕೈ ಅವನ ತೋಳು ಹುಡುಕಿತು.

"ರೀ... ಏನರ ಹೇಳ್ರಿ..."

ಅವನು ಲಗುಬಗೆಯಿಂದ ಬಾಯಿ ತುಂಬ ನೀರು ತುಂಬಿಕೊಂಡು, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವಳ ಕಣ್ಣನ್ನೇ ನೋಡಿದ. ನಗು ಒಂಟಿಯಾಗಿ ಬಂತು, ಅದನ್ನು ಮರೆಮಾಡಲು ಒಂದು ಮಾತೂ ಇರಲಿಲ್ಲ. ಅವನ ಕಣ್ಣಿಂದ ನೀರಿಳಿಯಿತು, ಬಾಯಿಂದ ಒಂದು ಹನಿ ಬೀಳಲಿಲ್ಲ.

ಪಕ್ಕದ ಕೋಣೆಯಲ್ಲಿ ಗಾಜಿನ ಮಿದುಳಿನ ಮೇಲ್ಭಾಗ ಈ ಸಲ ಕತ್ತಲಾಗಿತ್ತು. ಪಾರವ್ವ "ಏನರ" ಎನ್ನುವ ಮೊದಲೇ ತಳದಲ್ಲಿ, ನಟ್ಟನಡುವೆ, ಹಸಿವು ಬಾಯಾರಿಕೆಗಳನ್ನು ನೋಡಿಕೊಳ್ಳುವ ಜಾಗದ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಬೆಳಕು ಮಿಣುಕಿತು. ಡಾಕ್ಟರ್ ಹಳೆಯ ಸ್ಕ್ಯಾನುಗಳನ್ನು ತರಿಸಿ ಅದೇ ಜಾಗ ನೋಡಿದರು. ಅಲ್ಲಿ ಹುಟ್ಟಿನಿಂದ ಬಂದ ಒಂದು ಚಿಕ್ಕ ಗಂಟು ತಣ್ಣಗೆ ಕೂತಿತ್ತು. ಎಲ್ಲರೂ ಎಡಗಿವಿಯ ಮೇಲೆ ನೋಡುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಮಾತಿನ ಓಣಿಗೆ ನಾವು ಹೋಗುದೇ ಬೇಡ," ಎಂದು ಡಾಕ್ಟರ್ ಹೊರಬಂದು ಹೇಳಿದಾಗ ಫಕ್ಕೀರಪ್ಪ ಅವರ ಕಾಲಿಗೆ ಬೀಳಲು ಹೋದ. ಅವರು ಹಿಂದೆ ಸರಿದು, "ಮೊದಲು ಆ ನೀರು ನುಂಗಿ ಮಾರಾಯ್ರೆ," ಅಂದರು.

ಚಿಕಿತ್ಸೆಯ ದಿನ ಪಾರವ್ವ ಎಚ್ಚರವಾಗಿಯೇ ಇದ್ದಳು. ನಾಲ್ಕೂ ಕಡೆಯಿಂದ ಬಂದ ಅಲೆಗಳು ಅವಳಿಗೆ ತಾಗಲೇ ಇಲ್ಲ, ಆ ಸಾಸಿವೆ ಕಾಳಿಗೆ ಮಾತ್ರ ತಾಗಿದವು. ಮುಗಿದ ಮೇಲೆ ಮಾತು ಸರಿಯಿದೆಯೇ ಎಂದು ನೋಡಲು ಡಾಕ್ಟರ್ ಚಿತ್ರಗಳನ್ನು ಹಿಡಿದರು. "ಉಳ್ಳಾಗಡ್ಡಿ. ಚುರಮುರಿ. ಝಾರಿ. ಇದು ಹಸಿಮೆಣಸಿನಕಾಯಿ, ಆದರ ಮಿರ್ಚಿಗೆ ಬರೂದಿಲ್ಲ, ದಪ್ಪಂದ ಬೇಕು," ಎಂದಳು ಪಾರವ್ವ. "ಇವರು?" ಎಂದು ಡಾಕ್ಟರ್ ಫಕ್ಕೀರಪ್ಪನನ್ನು ತೋರಿಸಿದರು. ಅವಳು ನಾಚಿಕೊಂಡು, ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನ ಹೆಸರು ಹೇಳಿದಳು. ಫಕ್ಕೀರಪ್ಪ ಕುಣಿಯುವುದೊಂದು ಬಾಕಿ.

ಆಮೇಲಿನ ದಿನಗಳು ಸುಖದವು. ಪಾರವ್ವ ಒಬ್ಬಳೇ ಬಸ್ಸು ಹತ್ತಿ ತಂಗಿಯ ಊರಿಗೆ ಹೋಗಿ ಬಂದಳು. ಕಡಾಯಿಯ ಮುಂದೆ ಮತ್ತೆ ನಿಂತಳು. ನಗು ಬರಲಿಲ್ಲ, ಗೊಂಬೆಯಾಗಲಿಲ್ಲ. ಕೆಲವು ತಿಂಗಳು ಇರಲೆಂದು ಡಾಕ್ಟರ್ ಒಂದು ಮನೆಯ ಕುಂಚಿಗಿಯನ್ನೂ ಲಿಂಬೆಹಣ್ಣಿನಷ್ಟು ದೊಡ್ಡ ಗಾಜಿನ ಮಿದುಳನ್ನೂ ಕೊಟ್ಟು ಕಳಿಸಿದ್ದರು; ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಆದರೆ ಅಂಗಡಿಯ ಕಥೆ ಬೇರೆಯಾಯಿತು. ಫಕ್ಕೀರಪ್ಪ ಮೊದಲ ದಿನವೇ ಗಿರಾಕಿಗಳ ಮುಂದೆ ಗಂಟಲು ಸರಿಮಾಡಿಕೊಂಡು, "ಒಬ್ಬಾಂವ ಬಂದು, ಮಿರ್ಚಿ ಖಾರ ಐತೇನ್ರಿ ಅಂದ. ನಾ ಅಂದೆ, ನಿನಗಿಂತ ಮೊದ್ಲ ತಿಂದಾಂವ ನೀರು ಕುಡಿಯಾಕ ಹೋಗ್ಯಾನ, ಹೋದ ವಾರ, ಬರ್ಲಿ, ಕೇಳಿ ಹೇಳ್ತೀನಿ," ಎಂದ. ಎಲ್ಲರೂ ರೂಢಿಯಂತೆ ಪಾರವ್ವನ ಕಡೆ ತಿರುಗಿದರು. ಅವಳು ಹಿಟ್ಟು ಕಲಸುತ್ತ ಸ್ವಲ್ಪ ಯೋಚಿಸಿ, "ಇದು ಅಷ್ಟೇನ್ ಛಲೋ ಇಲ್ರಿ," ಅಂದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಫಕ್ಕೀರಪ್ಪ ನಗಲಿಲ್ಲ.

ಅವಳಿಗೇನು ಗೊತ್ತು ಪಾಪ, ಜೋಕೆಂಬುದನ್ನು ಅವಳು ಪೂರ್ತಿಯಾಗಿ ಕೇಳುತ್ತಿದ್ದುದೇ ಈಗ. ಕೇಳಿದ್ದಕ್ಕೆ ಮನಸ್ಸಿಗೆ ಬಂದದ್ದು ಹೇಳುತ್ತಿದ್ದಳು. ಅವನೂ ಹಟ ಬಿಡಲಿಲ್ಲ. ಸ್ನಾನ ಮಾಡುವಾಗ ಹೊಸ ಜೋಕು ಕಟ್ಟಿದ, ಸಂತೆಯಿಂದ ಎರವಲು ತಂದ. ಅವಳು ಆರೋಗ್ಯವಾಗಿದ್ದಾಳೆ, ಅಷ್ಟು ಸಾಕು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಸಾಕೆನ್ನಿಸುತ್ತಿರಲಿಲ್ಲ. ಆ ರೋಗದ ನಗುವಲ್ಲ, ಇವಳ ಸ್ವಂತ ನಗು ಒಂದಾದರೂ ತನ್ನ ಪಾಲಿಗೆ ಬರಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾರವ್ವ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಫಕ್ಕೀರಪ್ಪ ಎದುರು ಕೂತು ತನ್ನ ಅತ್ಯುತ್ತಮ ಜೋಕು ತೆಗೆದ.

"ಒಬ್ಬಾಂವ ಎಮ್ಮಿ ಮಾರಿದ. ಹಾಡು ಹಾಡಿದ್ರ ಇದು ಹಾಲು ಕೊಡತೈತಿ ಅಂದ. ತೊಗೊಂಡಾಂವ ಮರುದಿನ ಕುಂಟಿಕೋತ ಬಂದು, 'ಹಾಡಿದ್ರ ಒದೀತೈತಲ್ರಿ' ಅಂದ. ಮಾರಿದಾಂವ ಅಂದ, 'ನೀವು ಹಾಡೂದು ಕೇಳಿದ್ರ ನಾನೂ ಒದೀತಿದ್ದೆ.'"

ಪಾರವ್ವ ಹೆಚ್ಚುವುದನ್ನು ನಿಲ್ಲಿಸಿ ಯೋಚಿಸಿದಳು. "ಎಮ್ಮಿ ಪಾಪ ರೀ."

"ಎಮ್ಮಿ ಪಾಪ?"

"ಮತ್ತ? ಹೊಸಾ ಮನಿ, ಹೊಸಾ ಜನ. ಹೆದರಿರತೈತಿ."

ಫಕ್ಕೀರಪ್ಪನ ತಾಳ್ಮೆ ಹರಿಯಿತು. ಎದ್ದು ನಿಂತ. "ಇದ ಜೋಕಿಗೆ ನೀ ನಮ್ಮ ಸೋದರಮಾವನ ಮಗನ ಲಗ್ನದಾಗ ಬಿದ್ದು ಬಿದ್ದು ನಕ್ಕಿದ್ದೆಲ್ಲಲೇ!"

"ಅದು ಫಿಟ್ಸ್ ರೀ," ಎಂದಳು ಅವಳು ಸಮಾಧಾನದಿಂದ.

"ಹೌದ! ಆ ಫಿಟ್ಸ್ ಭಾಳ ಶ್ಯಾಣ್ಯಾ ಇತ್ತು! ಆ ಬ್ಯಾನಿಗೆ ಇದ್ದಷ್ಟು ಬುದ್ಧಿ ನಿನಗಿಲ್ಲ! ಅದಕ್ಕರ ನನ್ನ ಜೋಕು ತಿಳೀತಿತ್ತು!"

ಪಾರವ್ವ ಅವನನ್ನು ನೋಡಿದಳು. ತುಟಿ ಬಿಗಿಹಿಡಿದಳು. ಮೂಗಿನಿಂದ ಎಂಥದೋ 'ಘರ್' ಎನ್ನುವ ಸದ್ದು ಬಂತು. ಇನ್ನೊಂದು ಬಂತು. ಆಮೇಲೆ ತಡೆಯಲಾಗಲಿಲ್ಲ, ಉಸಿರು ಸಿಕ್ಕದೆ, ಹೊಟ್ಟೆ ಹಿಡಿದುಕೊಂಡು, ಏರುತ್ತ ಇಳಿಯುತ್ತ, ಕೋಳಿ ಓಡಿಸಿದ ಹಾಗೊಮ್ಮೆ ಬಾಗಿಲು ಕಿರುಗುಟ್ಟಿದ ಹಾಗೊಮ್ಮೆ. ಉಳ್ಳಾಗಡ್ಡಿಯ ಬುಟ್ಟಿ ಉರುಳಿತು. ಅವಳು ಅದರ ಪಕ್ಕದಲ್ಲೇ ಉರುಳಿದಳು.

ಅಂಥ ಸದ್ದನ್ನು ಫಕ್ಕೀರಪ್ಪ ಜನ್ಮದಲ್ಲಿ ಕೇಳಿರಲಿಲ್ಲ. "ಶಿವನ! ಮತ್ತ ಬಂತು! ಹೊಸಾದೊಂದು ಬಂತು!" ಎಂದು ಕಪಾಟಿನಿಂದ ಕುಂಚಿಗಿ ತಂದು, ಬ್ಯಾಡ್ರಿ ಬ್ಯಾಡ್ರಿ ಎಂದು ಕೈ ಆಡಿಸುತ್ತಿದ್ದ ಅವಳ ತಲೆಗೆ ತುರುಕಿ, ಡಾಕ್ಟರಿಗೆ ಫೋನ್ ಹಚ್ಚಿದ. ಚಿಕ್ಕ ಗಾಜು ಬೆಳಗುತ್ತಿದ್ದುದನ್ನು ಅವರು ಅಲ್ಲಿಂದಲೇ ನೋಡಿದರು.

"ಕಣ್ಣು ಹೇಗುಂಟು ಅವರದ್ದು?"

ಫಕ್ಕೀರಪ್ಪ ಬಗ್ಗಿ ನೋಡಿದ. "ನಗಾಕ್ಹತ್ತಾವ್ರಿ. ಕಣ್ಣೂ ನಗಾಕ್ಹತ್ತಾವ!"

"ತಳದಲ್ಲಿ ಬೆಳಕೇ ಇಲ್ಲ. ಎಡಗಿವಿಯ ಮೇಲಿಂದ ಶುರುವಾಗಿದೆ, ಅರ್ಥ ತಿಳಿಯುವ ಜಾಗದಿಂದ. ಇದು ಫಿಟ್ಸ್ ಅಲ್ಲ ಮಾರಾಯ್ರೆ, ನಗು. ಎಂತ ಹೇಳಿದ್ರಿ ಅವರಿಗೆ?"

ಅವನು ಹೇಳಿದ್ದನ್ನು ಹೇಳಿದ. ಫೋನಿನ ಆಚೆ ಏನೋ ಉಕ್ಕಿತು. ನಗುವೆಂದರೆ ಆಣೆಗೂ ಇಲ್ಲದ ಡಾಕ್ಟರ್ ಜೆಸಿಂತಾ ಕೆಮ್ಮುತ್ತ ಕೆಮ್ಮುತ್ತ ನಗುತ್ತಿದ್ದರು.

"ನಾ ಜೋಕು ಹೇಳಿದ್ದಲ್ರಿ!" ಎಂದು ಫಕ್ಕೀರಪ್ಪ ಕೂಗಿದ. "ಖರೇನ ಸಿಟ್ಟು ಬಂದಿತ್ರಿ ನನಗ!"

ಆಗಷ್ಟೇ ಸುಧಾರಿಸಿಕೊಳ್ಳುತ್ತಿದ್ದ ಪಾರವ್ವ ಅದನ್ನು ಕೇಳಿ ಮತ್ತೆ ಶುರುಮಾಡಿದಳು. ಹೊರಗಿನಿಂದ ಗಿರಾಕಿಯೊಬ್ಬ ಮಿರ್ಚಿ ಕೇಳುತ್ತಿದ್ದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೆಂಡತಿಯನ್ನು ನಗಿಸಿದ್ದ ಫಕ್ಕೀರಪ್ಪ, "ಇವತ್ತ ಅಂಗಡಿ ಬಂದ್ ಐತ್ರಿ," ಎಂದು ಕೂಗಿ ಹೇಳಿ, ಚೆಲ್ಲಿದ ಉಳ್ಳಾಗಡ್ಡಿಯ ನಡುವೆ ಅವಳ ಪಕ್ಕದಲ್ಲಿ ಕೂತು, ಅವಳು ನಗುವುದನ್ನು ಮನಸಾರೆ ನೋಡಿದ.